ಎರಡು ಗುಂಡಿ

ನಿಜ್ವಾ ದಾಟಿ, ಬೆಟ್ಟದ ಬುಡದ ತಿರುವಿನಲ್ಲಿ
ಬೋರ್ಡು ನಿಲ್ಲಿಸುವ ಕೆಲಸ.
ಎರಡು ಗುಂಡಿ, ಮೊಣಕಾಲಾಳ.
ಮೈಯದ್ದಿ ಹಾರೆ ಹಾಕಿದ, ನಾನು ಮಣ್ಣೆತ್ತಿದೆ.

ಏಳು ಸಾಲು ಅರಬಿ.
ಉಳ್ಳಾಲದ ಮದರಸದ ರಾಗದಲ್ಲೇ
ತಡವರಿಸಿ ಓದಿದ, ಆ ಯುದ್ಧವನ್ನು.
ಅರ್ಥ ಕೇಳಿದರೆ
'ಇಸವಿ ಮಾತ್ರ ಗೊತ್ತಾಯ್ತು' ಅಂದ.

ಎರಡನೆಯ ಗುಂಡಿಯಲ್ಲಿ
ಕರಕಲಾದ ಖರ್ಜೂರದ ಬೀಜ,
ಬಾಗಿಲ ಮೊಳೆಯೊಂದು.
ಆಡು ಮೇಯಿಸುತ್ತಿದ್ದ ಖಲ್ಫಾನ್ ಬಗ್ಗಿ ನೋಡಿದ.

'ಯಾರ ಮನೆ?'
'ಚಿಕ್ಕಪ್ಪನದು.'
'ಸುಟ್ಟವರು?'
ಆಡನ್ನು ಗದರಿಸಿದ.
'ಅವರಲ್ಲೂ ಇದ್ದ, ಇನ್ನೊಬ್ಬ ಚಿಕ್ಕಪ್ಪ.'

ಮೊಳೆಯ ಮೇಲೇ ಕಾಂಕ್ರೀಟು ಸುರಿದೆವು.
ಮಟ್ಟಗೋಲಿನ ಗುಳ್ಳೆ
ಒಮ್ಮೆ ಆಚೆ, ಒಮ್ಮೆ ಈಚೆ.
ಅದು ನಡುವಿಗೆ ಬರುವ ತನಕ
ಕಂಬ ಹಿಡಿದುಕೊಂಡದ್ದು
ಖಲ್ಫಾನನೇ.