ಹೆಪ್ಪು ಹಾಕದ ಸಾಲು

ಚಿನಕುರಳಿಯಾಚೆ, ಕಲ್ಲು ಕಿತ್ತು ಕಿತ್ತು
ಕ್ರಷರಿನವರು ಬಿಟ್ಟುಹೋದ ಗುಡ್ಡ.
ಮೂರು ವರ್ಷ ಸಸಿ ನೆಟ್ಟರು. ಮೂರು ವರ್ಷವೂ
ಬೋರ್ಡು ಮಾತ್ರ ಬದುಕಿತು.

ನಾನು ಹೋದದ್ದು ನಾಲ್ಕನೆಯ ವರ್ಷ,
ಮೈಸೂರಿನ ಲ್ಯಾಬಿನಿಂದ. ಒಂದು ನೋಟ್‌ಬುಕ್ಕು,
ಒಂದು ಜರಡಿ, ಎರಡು ವರ್ಷದ ಫೆಲೋಶಿಪ್ಪು.
ಬೇರಿಗೆ ಶಿಲೀಂಧ್ರ ಬೇಕು, ಈ ಮಣ್ಣಲ್ಲಿ ಅದು ಸತ್ತಿದೆ
ಅಂದೆ. ನರ್ಸರಿಯ ನಿಂಗಾಜಮ್ಮ
ತೊಟ್ಟೆಗೆ ಮಣ್ಣು ತುಂಬುತ್ತ, ತಲೆ ಎತ್ತದೆ,
"ಹೆಪ್ಪು ಅನ್ನು ಕೂಸೆ. ಹಾಲ ಎಷ್ಟ್ ಕಾಯ್ಸುದ್ರೇನು,
ಹೆಪ್ಪಿಲ್ದೆ ಮೊಸರಾಯ್ತದಾ?"

ಆ ಮಾತನ್ನು ಪ್ರಬಂಧದಲ್ಲಿ ಬರೆಯಲಾಗಲಿಲ್ಲ.
ಬಾಯಲ್ಲಿ ಮಾತ್ರ ಅಂದಿನಿಂದ ಹೆಪ್ಪೇ.

ಅದು ಸಿಕ್ಕಿದ್ದು ಊರವರು ಹೂಳುವ ಜಾಗದಲ್ಲಿ,
ಹೆದರಿ ಯಾರೂ ಕೊಡಲಿ ಹಾಕದ ಹೊನ್ನೆಯ ಬುಡದಲ್ಲಿ.
ತರಗೆಲೆ ಸರಿಸಿ ಗೇಣುದ್ದ ತೋಡಿದರೆ
ಬಿರುಬಿಸಿಲಲ್ಲೂ ಆಗಷ್ಟೆ ಮಳೆ ನಿಂತ ವಾಸನೆ.
"ನಮ್ಮತ್ತೆ ಅಲ್ಲೇ ಅವ್ಳೆ, ಎಡಗಡೆ ಅಗೀಬ್ಯಾಡ."
ಬಲಗಡೆ ಅಗೆದೆ.

ಮರಳು ಬೆರೆಸಿ ಕುಂಡಕ್ಕೆ ತುಂಬಿ, ಮೇಲೆ ರಾಗಿ ಚೆಲ್ಲಿದೆವು,
ತೆನೆಗಲ್ಲ, ಬೇರಿಗೆ.
ಮೂರು ತಿಂಗಳಿಗೆ ಪೈರು ಕುಯ್ದು, ಬೇರು ಕೊಚ್ಚಿ
ಮಣ್ಣಿಗೇ ಕಲೆಸುವಾಗ
ಆಕೆ ತೆನೆಯಷ್ಟನ್ನು ಸೆರಗಿಗೆ ಕಟ್ಟಿಕೊಂಡರು.

ದಿಂಡಿಗ, ಕಮರ, ಹೊನ್ನೆ.
ಆರು ಸಾಲಿಗೆ ಚಮಚದ ಲೆಕ್ಕದಲ್ಲಿ ಹೆಪ್ಪು.
ಏಳನೆಯದಕ್ಕೆ ಇಲ್ಲ.
ಅದರ ಮಣ್ಣನ್ನು ಡ್ರಮ್ಮಿನಲ್ಲಿ ಕಡುಬಿನ ಹಾಗೆ ಬೇಯಿಸಿ
ಜೀವ ತೆಗೆದಿದ್ದೆ, ಹೋಲಿಸಿ ನೋಡಲು.
"ಈ ಮಕ್ಳು ಏನ್ ಮಾಡಿದ್ವು?"
ಏನೂ ಮಾಡಿಲ್ಲ. ಇವು ಸೊರಗಿದರೆ ತಾನೇ
ಅವು ಚಿಗುರಿದ್ದಕ್ಕೆ ಸಾಕ್ಷಿ.
ಹೇಳುವಾಗ ನನ್ನ ದನಿ ನನಗೇ
ಕೋರ್ಟಿನ ಗುಮಾಸ್ತನದಂತೆ ಕೇಳಿಸಿತು.

ಆಷಾಢದ ಗಾಳಿ. ನಾಲೆಗೆ ನೀರು ಬಿಟ್ಟ ಸುದ್ದಿ.
ಆರು ಸಾಲು ಮೊಣಕಾಲು ಮುಟ್ಟಿದವು.
ಏಳನೆಯದು ಗೇಣಿನಲ್ಲೇ ನಿಂತು, ಎಲೆ ಹಳದಿಯಾಗಿ,
ನಾನು ಬರೆದುಕೊಟ್ಟಂತೆಯೇ ಸೊರಗುತ್ತಿದ್ದದ್ದು
ಶ್ರಾವಣದ ಕೊನೆಗೆ ಇದ್ದಕ್ಕಿದ್ದಂತೆ ಹಸಿರಾಯಿತು.

ಬೇರು ತೊಳೆದು, ಕ್ಷಾರದಲ್ಲಿ ಬೇಯಿಸಿ,
ವಿನೆಗರಿಗೆ ಪೆನ್ನಿನ ನೀಲಿ ಶಾಯಿ ಬೆರೆಸಿ ಅದ್ದಿದೆ.
ಮಸೂರದ ಕೆಳಗೆ, ಇರಬಾರದಲ್ಲಿ, ಇತ್ತು:
ಕೂದಲನ್ನು ಹತ್ತು ಸೀಳಿದರೆ ಅಷ್ಟು ಸಣ್ಣ ಎಳೆ,
ಕೋಶದಿಂದ ಕೋಶಕ್ಕೆ ಹೊಕ್ಕು
ಒಂದೊಂದರಲ್ಲೂ ಕವಲೊಡೆದು ನಿಂತ
ನೀಲಿ ಮರ.
ಇನ್ನೂ ಮರವಾಗದ ಗಿಡದ ಬೇರಿನೊಳಗೆ
ಆಗಲೇ ಒಂದು ತೋಪು.

ನೀವು ಹಾಕಿದಿರಾ?
ಬೆರಳ ಸಂದಿಯ ಮಣ್ಣು ಉಜ್ಜಿಕೊಳ್ಳುತ್ತ,
"ನೀ ಬಸ್ ಇಳಿಯಾದ್ರೊಳ್ಗೆ. ಒಂದೊಂದ್ ಚಿಟಿಕೆ.
ಹೆಪ್ಪು ಕೇಳ್ದೋರ್ಗೆ ಇಲ್ಲ ಅನ್ನಬಾರ್ದು ಕಣವ್ವ.
ನಿನ್ ಲೆಕ್ಕ ಕೆಟ್ಟೋಯ್ತಾ?"

ಕೆಟ್ಟಿತು. ಹನ್ನೊಂದು ತಿಂಗಳು.
ಗೈಡಿಗೆ ಫೋನು ಮಾಡಿದೆ, ಬೈಸಿಕೊಂಡೆ.
ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ
ಒಂದು ಲೋಟ ಕಬ್ಬಿನ ಹಾಲು ಕುಡಿದೆ, ರುಚಿ ನೆನಪಿಲ್ಲ.
ನೋಟ್‌ಬುಕ್ಕಿನಲ್ಲಿ ಏಳನೇ ಸಾಲಿಗೆ ಗೆರೆ ಎಳೆದು
ಪಕ್ಕದಲ್ಲಿ ಕಾರಣ ಬರೆದೆ, ತಾರೀಖು ಬರೆದೆ.
ಕುಂಟೆಬಿಲ್ಲೆಗೆ ನನ್ನನ್ನು ಸೇರಿಸಿಕೊಳ್ಳುವಾಗ
ಅಕ್ಕಂದಿರು ಹೇಳುತ್ತಿದ್ದ ಮಾತು
ಕೈ ತಾನಾಗಿ ಬರೆಯಿತು:
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮುಂದಿನ ವಾರ ಮತ್ತೆ ಮಣ್ಣು ಬೇಯಿಸಬೇಕು.
ಹೊಸ ಏಳನೇ ಸಾಲು, ಬಲೆಮನೆಗೆ ಬೀಗ.

ಹಳೆಯದನ್ನು ನಿನ್ನೆ ಗುಡ್ಡಕ್ಕೆ ಒಯ್ದೆವು.
ಕಲ್ಲುಹುಡಿಯ ಗುಣಿಗೆ ತೊಟ್ಟೆ ಹರಿದು ಇಳಿಸುವಾಗ
ಬೇರಿಗಂಟಿದ ಮಣ್ಣು ಉದುರಲಿಲ್ಲ, ಮುದ್ದೆಯಾಗಿ ಕೂತಿತ್ತು.
ನಿಂಗಾಜಮ್ಮ ಒಂದೊಂದರ ಬುಡವನ್ನೂ
ಹಿಮ್ಮಡಿಯಲ್ಲಿ ಒತ್ತಿ ಒತ್ತಿ ಗಟ್ಟಿಮಾಡಿದರು.
ಆಮೇಲೆ ನನ್ನ ಕೊರಳಿನ ದಾರದಲ್ಲಿ ತೂಗುತ್ತಿದ್ದ
ಬೀಗದ ಕೀಲಿಯ ಕಡೆ ನೋಡಿದರು.
ನಾನು ಅವರ ಕಡೆ ನೋಡಲಿಲ್ಲ.