ಸರ್ಜ್ಯಾನ ಹೊರಮಗ್ಗಲ

"ಚಂದ್ರ ತನ್ನ ಸುತ್ತಲೂ ತಿರುಗುತ್ತಾನೆ" ಅಂತ ಓದಿಸಿದೆ.
ಆರನೇ ವರ್ಗದ ಯಲ್ಲಾಲಿಂಗ ಗಾಣಿಗೇರ ಎದ್ದು ನಿಂತ:
"ಸುಳ್ಳ ಐತ್ರಿ ಬಾಯಿ.
ತಿರಗಿದ್ರ ಅವನ ಬೆನ್ನ ಒಮ್ಮೆರ ಕಾಣಬೇಕಿತ್ತಲ್ಲ?
ನಮ್ಮಜ್ಜ ನೋಡಿಲ್ಲ, ಅವರಜ್ಜನೂ ನೋಡಿಲ್ಲ.
ನಮ್ಮ ಸರ್ಜ್ಯಾನಂಗ ಅವ. ಸುತ್ತತಾನ ಅಷ್ಟ,
ತಿರಗೂದಿಲ್ಲ."

ವರ್ಗ ಎಲ್ಲಾ ನಕ್ಕಿತು. ನಾನೂ ನಕ್ಕೆ,
ಉತ್ತರ ಗೊತ್ತಿಲ್ಲದವರು ನಗುವಂಗ.
ಹದಿನಾಲ್ಕು ವರ್ಷ ಇದ ಪಾಠ ಮಾಡೀನಿ ಉಮದಿಯೊಳಗ,
ಫಳಿ ಮ್ಯಾಲೆ ಎರಡು ಬಾಣ ತಗದು
ಗಂಟಿ ಹೊಡಿಯೂದು ಕಾಯಕೋತ.

ಸಂಜೀಕ ಅವರ ಗಾಣಕ್ಕ ಹೋದೆ,
ಅರ್ಧ ಶೇರು ಕುಸುಬಿ ಎಣ್ಣಿ ನೆವ ಮಾಡಿಕೊಂಡು.
ನಡುವ ಒರಳಿಗೆ ಆತು ನಿಂತ ಗುರಬಸಪ್ಪಜ್ಜ
ಬೀಜ ನೂಕತಿದ್ದ. ಸುತ್ತಲೂ ಸರ್ಜ್ಯಾ,
ಕಣ್ಣಿಗೆ ಅರಬಿ ಕಟ್ಟಿದ ಖಿಲಾರಿ ಎತ್ತು.
"ಅಜ್ಜಾ, ನಿನಗ ಇದರ ಯಾವ ಮಗ್ಗಲ ಕಾಣತೈತಿ?"
"ಬಲಮಗ್ಗಲ. ಒಂಬತ್ತು ವರ್ಷ ಆತು, ಅದೊಂದ.
ದೇವರ ಸುತ್ತಿದಂಗ ಸುತ್ತತೈತವ್ವಾ, ಬಲಕ್ಕ ಇಟಗೊಂಡು."

ನಾ ಹೊರಗ, ಪಡುವಣದ ಬೇವಿನ ಗಿಡದ ಕೆಳಗ ನಿಂತೆ.
ಎತ್ತಿನ ಮಾರಿ ಮೊದಲು ದರ್ಗಾದ ಕಡೆ,
ಆಮ್ಯಾಲೆ ವಿಜಾಪುರದ ಹಾದಿ,
ಆಮ್ಯಾಲೆ ನಮ್ಮ ಸಾಲಿ, ಆಮ್ಯಾಲೆ ಜತ್ತದ ಹಾದಿ,
ಮತ್ತ ದರ್ಗಾ.
ಒಂದು ಸುತ್ತಿನೊಳಗ ನಾಕೂ ದಿಕ್ಕಿಗೆ ಮಾರಿ ಮಾಡಿದವ
ತಿರಗಲಿಲ್ಲಂದ್ರ ಹೆಂಗ?
ತಿರಗಿದ್ದ. ಒಂದ ಸಲ, ಸಾವಕಾಶ,
ಸುತ್ತು ಮುಗಿಯೂದೂ ತಿರುವು ಮುಗಿಯೂದೂ
ಒಂದ ಹೆಜ್ಜಿಗೆ ಬೀಳುವಂಗ.

ಖರೇನ ತಿರಗದ ಎತ್ತು ಅಂದ್ರ
ಸದಾ ವಿಜಾಪುರಕ್ಕ ಮಾರಿ ಮಾಡಿ
ಒಮ್ಮೆ ಅಡ್ಡ ಸರದು, ಒಮ್ಮೆ ಹಿಂದ ಸರದು ಸುತ್ತಬೇಕು.
ಆವಾಗ ಅಜ್ಜಗ ಕಾಣತಿತ್ತು
ಬಾಲ, ಎಡಮಗ್ಗಲ, ಕೋಡು, ಎಲ್ಲಾ.
ನೊಗ ಮುರಿಯೂದು, ಎಣ್ಣಿ ಚೆಲ್ಲೂದು, ಅದ ಬ್ಯಾರೆ ಮಾತು.

ಹುಡುಗನ್ನ ಕರದು ತೋರಿಸಿದೆ.
ಬಾಳೊತ್ತು ನೋಡಿದ. ಸೋತೆ ಅನ್ನಲಿಲ್ಲ.
"ಹಂಗಾದ್ರ ಚಂದ್ರನ ಆ ಕಡೆ? ಅಲ್ಲಿ ಬರೇ ಕತ್ತಲಿ ಏನ್ರಿ?"

ಹೊತ್ತು ಇಳದಿತ್ತು. ಸರ್ಜ್ಯಾ ಪಡುವಣಕ್ಕ ಬಂದ,
ಅಜ್ಜಗೂ ಸೂರ್ಯಗೂ ನಡುವ.
ಅಜ್ಜನ ಕಡೀ ಮಗ್ಗಲ ಮಸಿ ಹಿಡದ ಗಡಗಿ.
ನಮ್ಮ ಕಡೀದು ಧಗಧಗ,
ಹಳೇ ಬರಿ, ಉಣ್ಣಿ ಕಡದ ಗುಳಿ,
ಒಂದೊಂದು ಕೂದಲಾ ಎಣಿಸಬೇಕು ಅಂಥಾ ಬೆಳಕು.
"ಅಮಾಸಿ ಅಂದ್ರ ಇದಲೋ," ಅಂದೆ,
"ನಮಗ ಕತ್ತಲಿ. ಆ ಕಡೆ ಮಟಮಟ ಮಧ್ಯಾಹ್ನ."

ಹೋದ ವಾರ ಬಸ್ಸಿನಾಗ ಬಾಜೂಕ ಕುಂತಾಕಿ ಕೇಳಿದ್ಲು:
"ನಿಮ್ಮ ಆ ಕಡೆ ಕನ್ನಡ ಏನರ ಉಳದೈತೇನ್ರಿ?"
ಖಿಡಕಿ ಹೊರಗ ನೋಡಕೋತ ಸುಮ್ಮನಿದ್ದೆ.
ಹೇಳಬೇಕಿತ್ತು: ಬಿಸಲು ಐತ್ರಿ. ಬರ್ರಿ.

ನೊಣ ಕಡೀತು. ಸರ್ಜ್ಯಾ ಗೋಣ ಝಾಡಿಸಿದ.
"ಹಿಂಗ ಮಾಡಿದಾಗ ಆ ಕಡೀ ಕಿವಿ ಒಂದೀಟು ಕಾಣತೈತಿ,"
ಅಂದ ಅಜ್ಜ, ಯಾರೂ ಕೇಳದ.
ಚಂದ್ರನೂ ಹಂಗ ಗೋಣ ಹಾಕತಾನ,
ಅಂಚಿನಾಚೆ ಒಂದೀಟು ತೋರಸತಾನ.
ಎಲ್ಲೋ ಓದಿದ್ದೆ. ವರ್ಗದಾಗ ಹೇಳಿದ್ದಿಲ್ಲ,
ಪರೀಕ್ಷೆಕ್ಕ ಬರೂದಿಲ್ಲಂತ.

ಎತ್ತು ಬಿಚ್ಚಿದರು. ಕಣ್ಣಿನ ಅರಬಿ ತಗದರು.
ಸರ್ಜ್ಯಾ ನಿಂತಲ್ಲೇ ಹೊಳ್ಳಿ
ಅಜ್ಜನ ಎದೀಗೆ ಎಡಮಗ್ಗಲ ತಿಕ್ಕಿದ.
ಅಜ್ಜನ ಕೈ ಹೆಗಲ ಮ್ಯಾಲೆ ಹರದಾಡಿ ಒಂದು ಕಡೆ ನಿಂತಿತು.
"ಇಲ್ಲಿ ಹುಣ್ಣ ಆಗೇತಲ್ಲೋ. ಯಾವಾಗ ಆತಿದು?"

"ನಾಗರಪಂಚಮಿಗೆ," ಅಂದ ಯಲ್ಲಾಲಿಂಗ,
ಗೋಡಿ ಸಂದಿಯಿಂದ ಅರಿಷಿಣದ ಬಟ್ಟಲಾ ತಗೀಕೋತ.
"ದಿನಾ ಹಚ್ಚತೇನಿ.
ನಾ ಹೊರಗ ನಿಂತು ಹೊಡಿಯಾಂವ ಅಲ್ಲೇನು."