ಏನೂ ಕೊಡದ ಮಡಿ

ಆನಂದಪುರ ದಾಟಿ ಎಡಕ್ಕೆ, ಜಂಬಿಟ್ಟಿಗೆಯ ಓರೆಯಲ್ಲಿ
ಇಪ್ಪತ್ನಾಲ್ಕು ಮಡಿ. ಮೊಗೆಬಳ್ಳಿ.
ಕೆಲವಕ್ಕೆ ಕುರಿಗೊಬ್ಬರ, ಕೆಲವಕ್ಕೆ ಎರೆಗೊಬ್ಬರ,
ಬೂದಿ, ಹೊಂಗೆ ಹಿಂಡಿ,
ಹತ್ತು ಪಾಲು ನೀರಿಗೆ ಒಂದು ಪಾಲು ಗಂಜಲ,
ಅಳೆದು, ಬರೆದು, ಬೋರ್ಡು ನೆಟ್ಟು.
ಮೂರು ಮಡಿಗೆ ಮಾತ್ರ ಏನೂ ಇಲ್ಲ. ಬರೀ ನೀರು.
ಉಳಿದವು ಎಷ್ಟು ಗೆದ್ದವೆಂದು ತಿಳಿಯಲು
ಯಾರಾದರೂ ಸೋಲಬೇಕಲ್ಲ.

"ಅದ್ಕೆ ಮಾತ್ರ ಎಂತಕ್ಕೆ ಎಂತದೂ ಇಲ್ಲ?"
ಬಿತ್ತಿದ ದಿನವೇ ಕೇಳಿದ್ದಳು ಗುತ್ಯಮ್ಮ,
ಸೆರಗಿನ ತುದಿಯಲ್ಲಿ ಬೀಜ ಹಿಡಿದು.
ಹೋಲಿಕೆಗೆ, ಅಂದೆ. ಚಿತ್ರ ಬರೆದು ತೋರಿಸಿದೆ.
ತಲೆಯಾಡಿಸಿದಳು,
ಸಾಲ ಕೇಳಲು ಬಂದವರ ಕತೆಗೆ ತಲೆಯಾಡಿಸುವ ಹಾಗೆ.

ನಾಲ್ಕನೇ ಕೊಯ್ಲಿಗೆ ತಕ್ಕಡಿ ಕೆಟ್ಟಿತೆಂದುಕೊಂಡೆ.
ಗೇಟಿನ ಪಕ್ಕದ್ದು, ಏನೂ ಕೊಡದ್ದು,
ಎರೆಗೊಬ್ಬರ ತಿಂದವುಗಳ ಸರಿಸಮ ತೂಗುತ್ತಿದೆ.
ಮತ್ತೆ ತೂಗಿದೆ. ಬೇರೆ ತಕ್ಕಡಿ ತಂದೆ.
ಮಣ್ಣು ಅಗೆದು ಲ್ಯಾಬಿಗೆ ಕಳಿಸಿದೆ.
ಗೈಡು ಅಂದರು: ಅಡಿಯಲ್ಲಿ ಹಳೇ ಹುತ್ತ ಇದ್ದೀತು.
ನಾನು ಬರೆದೆ: ಇಳಿಜಾರಿನ ಒಸರು?
ಮುಂದೆ ಇನ್ನೊಂದು ಪ್ರಶ್ನಾರ್ಥಕ.
ಎರಡು ರಾತ್ರಿ, ಕಾಣದ ಆ ಹುತ್ತದ ಮೇಲೆ
ಒಂದು ಪ್ರಬಂಧವನ್ನೇ ಕಟ್ಟಿದೆ.

ಬುಧವಾರ ಮೊದಲ ಬಸ್ಸಿಗೇ ಬಂದೆ.
ಎಲೆಯ ರೋಮದ ಮೇಲೆ ಇನ್ನೂ ಇಬ್ಬನಿ.
ಗುತ್ಯಮ್ಮ ಬಗ್ಗಿ, ಬುಡ ಬುಡಕ್ಕೆ,
ಹಳೇ ಪೇಂಟಿನ ಡಬ್ಬಿಯಿಂದ ಹೊಯ್ಯುತ್ತಿದ್ದಳು.
ಮಿಕ್ಕದ್ದನ್ನು ವಾಸನೆಯೇ ಹೇಳಿತು:
ಮಂಗಳವಾರ ಅವಳೂರಿಗೆ ಮೀನಿನ ಗಾಡಿ ಬರುತ್ತದೆ.
ಬಂಗಡೆ ತೊಳೆದ ನೀರು.

ಸಿಕ್ಕಿಬಿದ್ದವಳ ಮುಖವಲ್ಲ.
ಡಬ್ಬಿ ಪೂರ್ತಿ ಬರಿದು ಮಾಡಿಯೇ ಎದ್ದಳು.
"ದಿನಾ ಒಳಗೆ ಬರ್ತಾ ಮೊದ್ಲು ಕಾಣಾದು ಇದ್ರ ಮುಖನೇ.
ಹೆಂಗೆ ದಾಟಿ ಹೋಗಾದು?"
ಉಳಿದೆರಡಕ್ಕೆ?
"ಬಳ್ಳಿ ಹಬ್ಬಿ ಎಲ್ಲಾ ಒಂದೇ ಆತು.
ಬೋರ್ಡು ಓದಾಕೆ ಬಂದಿದ್ರೆ ಅವಕ್ಕೂ ಹಾಕ್ತಿದ್ದೆ."

ಪ್ರಬಂಧದ ನಲವತ್ತೊಂದನೇ ಪುಟದಲ್ಲಿ ಒಂದು ಮಡಿ ಇಲ್ಲ.
ಕೆಳಗೆ ಸಣ್ಣಕ್ಷರ:
ಬಾಹ್ಯ ಹಸ್ತಕ್ಷೇಪದ ಕಾರಣ ಕೈಬಿಡಲಾಗಿದೆ.
ಆ ಬಾಹ್ಯ ಅದೇ ಮಧ್ಯಾಹ್ನ
ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟಿತ್ತು.
ನಾನು ಕೇಳಿರಲಿಲ್ಲ.

ಲೆಕ್ಕಕ್ಕೆ ಬಾರದ ಕಾಯಿಗಳನ್ನು ಇಬ್ಬರೂ ಹಂಚಿಕೊಂಡೆವು.
ನನ್ನ ಪಾಲಿನದೊಂದು, ಬಾಳೆನಾರಿನಲ್ಲಿ ಬಿಗಿದು,
ಹಾಸ್ಟೆಲಿನ ಕಿಟಕಿ ಸರಳಿಗೆ ತೂಗಿದೆ.
ಇವತ್ತಿಗೆ ತೊಂಬತ್ತೇಳು ದಿನ.
ಬುಧವಾರ ಬುಧವಾರ ಬೆರಳಲ್ಲಿ ತಟ್ಟಿ ನೋಡಿ
ಯಾವ ಕೋಷ್ಟಕಕ್ಕೂ ಸೇರದ ಹಾಳೆಯಲ್ಲಿ ಬರೆಯುತ್ತೇನೆ:
ಕೊಳೆತಿಲ್ಲ. ತೊಟ್ಟು ಗಟ್ಟಿ.
ತೀರಾ ಹತ್ತಿರ ಮೂಗು ಒಯ್ದರೆ,
ನನ್ನ ಭ್ರಮೆಯೂ ಇದ್ದೀತು,
ಸ್ವಲ್ಪ ಮೀನು.